ಹನ್ನೊಂದು ಕೀಲಿಕೈ

ತಗೋ ವೆಂಡೆಲ್, ಗೊಂಚಲು.
ಹನ್ನೊಂದಿವೆ, ಎಣಿಸಿಕೋ.
ಹತ್ತು ಯಾವ ಬೀಗದವೆಂದು ಹೇಳಬಲ್ಲೆ.
ಈ ಹಿತ್ತಾಳೆಯದು ಮಾತ್ರ ನನಗೂ ಗೊತ್ತಿಲ್ಲ,
ನನಗೆ ಕೊಟ್ಟ ಆರ್ಲೀನಳಿಗೂ ಗೊತ್ತಿರಲಿಲ್ಲ.
ಎಸೆಯಬೇಡ. ಎಸೆದ ಮಾರನೇ ದಿನವೇ
ಅದರ ಬೀಗ ಸಿಗುತ್ತದೆ.

ನಿನ್ನನ್ನು ಆರಿಸಿದರು ಅಂದುಕೊಳ್ಳಬೇಡ.
ಮಡಚುವ ಕುರ್ಚಿಗಳಲ್ಲಿ ಒಂಬತ್ತು ಜನ,
ಅಂಗಡಿಯ ಬಿಸ್ಕತ್ತು.
ಯಾರು ನಿಲ್ಲುತ್ತೀರಿ ಅಂದದ್ದೇ ತಡ
ಎಂಟು ಮಂದಿಗೆ ಷೂ ಲೇಸು ನೆನಪಾಯಿತು.
ನೀನೊಬ್ಬ ತಲೆಯೆತ್ತಿ ಕೂತಿದ್ದೆ.
ಅಷ್ಟೇ ನಿನ್ನ ಜನಾದೇಶ.
ಏಳು ವರ್ಷದ ಕೆಳಗೆ ನನ್ನದೂ.

ಪ್ವೆಬ್ಲೊ ಊರಿನ ಪಡುವಣಂಚಿಗೆ ನಲವತ್ತೆರಡು ಮನೆ,
ಇಬ್ಬಿಬ್ಬರಿಗೆ ಒಂದೊಂದು ಗೋಡೆ:
ಉಕ್ಕಿನ ಕುಲುಮೆಯಲ್ಲಿ ದುಡಿದು ಮುಗಿಸಿದವರು,
ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ನರ್ಸುಗಳು,
ಅವರ ಪಕ್ಕದಲ್ಲೇ
ತುತ್ತೂರಿ ಕಲಿಯುವ ಒಬ್ಬ ಹುಡುಗ.

ಮೊದಮೊದಲು ನಾನು ನಿಯಮದ ಪುಸ್ತಕ
ಬಾಯಿಪಾಠ ಮಾಡಿದೆ. ಟೇಪು ಹಿಡಿದು
ಹುಲ್ಲಿನ ಎತ್ತರ ಅಳೆದವಳು ನಾನು, ನಗಬೇಡ.
ಹದಿನೇಳನೇ ಮನೆಯ ಕ್ಲೆಟಸ್ ಪ್ರೆಡೋವಿಚ್
ಬಾಗಿಲಿಗೆ ನೀಲಿ ಬಳಿದಾಗ
ಮೂರು ನೋಟೀಸು, ಐವತ್ತು ಡಾಲರು ದಂಡ.
ಕಾಫಿ ಡಬ್ಬಿಯ ತುಂಬ ಚಿಲ್ಲರೆ ತಂದು ಕೊಟ್ಟ.
"ಹೆಂಡತಿಗೆ ಕಣ್ಣು ಮಂಜು. ಎಲ್ಲ ಬಾಗಿಲೂ ಕಂದು.
ಎರಡು ಸಲ ಪಕ್ಕದವರ ಸೋಫಾದಲ್ಲಿ ಹೋಗಿ ಕೂತಿದ್ದಳು,
ಅವರೇ ಅತಿಥಿಗಳೆಂದುಕೊಂಡು."
ನನ್ನ ಮನೆಯಿಂದ ಅವನ ಮನೆಗೆ
ಎಷ್ಟು ಹೆಜ್ಜೆ, ಆಮೇಲೆ ಎಣಿಸಿದೆ.
ಮೂವತ್ತೊಂದು.
ನಿಯಮ ತಿದ್ದಲು ಹನ್ನೊಂದು ತಿಂಗಳು ಹಿಡಿಯಿತು,
ಅಷ್ಟರಲ್ಲಿ ಅವರು ಮನೆ ಮಾರಿ ಹೋಗಿದ್ದರು.
ಈಗ ನಾಲ್ಕು ಬಣ್ಣ ಸಲ್ಲುತ್ತದೆ ಬಾಗಿಲಿಗೆ.
ಐದನೆಯದು ಕೇಳಿಕೊಂಡು ಯಾರಾದರೂ ಬಂದಾರು.
ಮೊದಲು ನಡೆದು ಹೋಗು.

ದುಡ್ಡಿನ ಮಾತು.
ಹತ್ತು ವರ್ಷ ಕಂತು ಏರಿಸದ ಹಳೇ ಸಮಿತಿಯನ್ನು
ಈಗಲೂ ಎಲ್ಲರೂ ಒಳ್ಳೆಯವರೆನ್ನುತ್ತಾರೆ.
ಆಲಿಕಲ್ಲು ಬಿದ್ದ ಆ ಜೂನ್ ರಾತ್ರಿ
ಆ ಒಳ್ಳೆಯತನ
ಹತ್ತೊಂಬತ್ತು ಚಾವಣಿಗಳಲ್ಲಿ ಸೋರಿತು.
ನಾನು ಏರಿಸಿದೆ. ಅಂಚೆಪೆಟ್ಟಿಗೆಯ ಬಳಿ
ನನ್ನ ಕಂಡರೆ ಮಾತು ನಿಲ್ಲುತ್ತಿತ್ತು.
ಬೈಗುಳವೆಲ್ಲ ಈಗ ಬ್ಯಾಂಕಿನಲ್ಲಿದೆ, ಬಡ್ಡಿಸಮೇತ;
ಮುಂದಿನ ಆಲಿಕಲ್ಲಿಗೆ ಎಂದು ಮುಟ್ಟದೆ ಇಡು.

ಕೂಗುವವರು ಕೂಗಲಿ. ತಲಾ ಮೂರು ನಿಮಿಷ,
ಗಡಿಯಾರ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ.
ಕೂಗಿನಡಿ ಸಾಮಾನ್ಯವಾಗಿ
ಎಲ್ಲೋ ಒಂದು ಪೈಪು ತೊಟ್ಟಿಕ್ಕುತ್ತಿರುತ್ತದೆ.
ಅವರ ಕಣ್ಣೆದುರೇ ಬರೆದುಕೋ.
ನಿನ್ನ ಭಾವನ ಪೇಂಟಿಂಗ್ ಕಂಪನಿ
ಎಲ್ಲರಿಗಿಂತ ಅಗ್ಗವೇ ಇರಬಹುದು. ಬೇಡ.

ಇನ್ನೊಂದು. ಇದು ನನಗೆ ಕೊನೆಗೂ ಕೈಹತ್ತಲಿಲ್ಲ:
ನಿನ್ನ ಮತ ಸೋತ ದಿನ
ಬಾಗಿಲಿಂದ ಬಾಗಿಲಿಗೆ ಹೋಗಿ
"ನಾವು ತೀರ್ಮಾನಿಸಿದೆವು" ಅನ್ನಬೇಕು.
ಗೇಟಿನ ಕಾಟನ್‌ವುಡ್ ಮರ. ಬೇರು ಚರಂಡಿ ಸೀಳಿತ್ತು, ನಿಜ.
ಮೂರಕ್ಕೆ ಎರಡು.
ನಾವು, ಅಂದೆ. ನಲವತ್ತೆರಡು ಸಲ ಅಂದೆ.
ಈಗಲೂ ಆ ಬುಡದ ಹತ್ತಿರ
ಕಾರು ನಿಲ್ಲಿಸುವುದಿಲ್ಲ ನಾನು.

ಬಾ, ಬೆಳಕಿರುವಾಗಲೇ ಇದೊಂದು ತೋರಿಸಿಬಿಡುತ್ತೇನೆ.
ಈ ಉದ್ದದ್ದು ನೆಲದಡಿಯ ನೀರಿನ ತಿರುಪಿಗೆ.
ಅಕ್ಟೋಬರಿನ ಮೊದಲ ಮಂಜುಗಡ್ಡೆಗೆ ಮುಂಚೆ ಮುಚ್ಚದಿದ್ದರೆ
ವಸಂತದಲ್ಲಿ ಹುಲ್ಲಿಗೆ ಬದಲು ಬಿಲ್ಲು ಚಿಗುರುತ್ತದೆ.
ಮಂಡಿಯೂರು. ಇಸ್ತ್ರಿ ಪ್ಯಾಂಟು, ಇರಲಿ.
ಮುಚ್ಚಳದಡಿ ಜೇಡವಿರುತ್ತದೆ,
ವರ್ಷವರ್ಷವೂ ಅದೇ, ಇಲ್ಲ ಅದರ ಮಗಳು;
ಊದಿದರೆ ಸರಿಯುತ್ತದೆ.
ಬಲಕ್ಕೆ ತಿರುಗಿಸು. ಇನ್ನೂ.
ಬಿಗಿಯಾಯಿತು ಅನಿಸಿದ ಮೇಲೂ
ಕಾಲು ಸುತ್ತು ಉಳಿದಿರುತ್ತದೆ,
ಪುಸ್ತಕದಲ್ಲಿ ಬರೆದಿಲ್ಲ.

ಹೂಂ.
ಸದ್ದು ನಿಂತಿತಲ್ಲ, ಕೇಳಿಸಿತೇ?